ಭಜನೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಧಾರವಾಡದ ಹಳೆಯ ಓಣಿಯೊಂದರಲ್ಲಿ ಪ್ರತಿ ಸೋಮವಾರ ರಾತ್ರಿ ಮತ್ತು ಅಮಾವಾಸ್ಯೆಯಂದು ಕೂಡುವ ಸಣ್ಣ ಭಜನಾ ಮಂಡಳಿ. ಮಂಗಳಾರತಿ ಮುಗಿದು ಪುಠಾಣಿ-ಸಕ್ಕರೆ ಹಂಚುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬಂದು ಕುಳಿತು ಏನಾದರೊಂದು ಕೇಳುವುದು ರೂಢಿ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಊರುಗಳಿಗೆ ಸಪ್ತಾಹಕ್ಕೆ ಹೋದಾಗಲೂ ಅವೇ ಪ್ರಶ್ನೆಗಳು ಎದುರಾಗಿವೆ. ಕೆಲವರು ಪತ್ರ ಬರೆದು ಕೇಳಿದ್ದಾರೆ. ಅವುಗಳಲ್ಲಿ ಹೆಚ್ಚು ಸಲ ಬಂದವನ್ನು ಆಯ್ದು, ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಇಟ್ಟು, ನಮಗೆ ತಿಳಿದ ಉತ್ತರವನ್ನು ಇಲ್ಲಿ ಬರೆದಿದೆ. ಇವು ಹಿಮ್ಮೇಳದಲ್ಲಿ ಕುಳಿತು ಕಲಿತವನ ಉತ್ತರಗಳು, ಪೀಠದಿಂದ ಬಂದ ಅಪ್ಪಣೆಗಳಲ್ಲ.

ಹೊಸದಾಗಿ ಬರುವವರು ಕೇಳುವುದು

ನನಗ ಹಾಡಾಕ ಬರೂದಿಲ್ರಿ. ಭಜನಿಗೆ ಬಂದು ನಾ ಏನ್ ಮಾಡ್ಲಿ?

ಬಂದು ಕುಳಿತುಕೊಳ್ಳಿ, ಅಷ್ಟು ಸಾಕು. ಭಜನೆಯ ಕಟ್ಟೋಣವೇ ಹಾಡಲು ಬಾರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಆದದ್ದು. ಮುಂದೆ ಕುಳಿತವರು ಒಂದು ಸಾಲು ಹೇಳುತ್ತಾರೆ, ಉಳಿದವರೆಲ್ಲ ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಪ್ರತಿ ನುಡಿ ಮುಗಿದಾಗಲೂ ಪಲ್ಲವಿ ಮರಳಿ ಬರುತ್ತದೆ. ಹೀಗಾಗಿ 5 ನುಡಿಯ ಪದವೊಂದರಲ್ಲಿ ಪಲ್ಲವಿಯನ್ನು 10-12 ಸಲವಾದರೂ ಹೇಳಿದಂತಾಗಿ, ಮೂರನೆಯ ವಾರಕ್ಕೆ ಅದು ತಾನಾಗಿಯೇ ಬಾಯಿಗೆ ಬಂದಿರುತ್ತದೆ. ತಾಳಗಳೂ ಕಷ್ಟವಲ್ಲ: ಹೆಚ್ಚಿನ ಪದಗಳು 8 ಮಾತ್ರೆಯ ಭಜನಿ ಠೇಕಾದಲ್ಲಿಯೋ ಕೇರವಾದಲ್ಲಿಯೋ, ಕೆಲವು 6 ಮಾತ್ರೆಯ ದಾದರಾದಲ್ಲಿಯೋ ಇರುತ್ತವೆ. ಮೊದಲು ಚಪ್ಪಾಳೆ, ಆಮೇಲೆ ತಾಳ, ಬಹಳ ದಿನಗಳ ಮೇಲೆ ಬೇಕಾದರೆ ದಮ್ಮಡಿ. ಪೇಟಿಯ (ಹಾರ್ಮೋನಿಯಂ) ಮೇಲೆ ಮಾತ್ರ ಕಣ್ಣಿಡಬೇಡಿ. ಎಲ್ಲ ಮಂಡಳಿಗಳಲ್ಲಿಯೂ ಪೇಟಿಗೊಬ್ಬ ವಾರಸುದಾರ ಆಗಲೇ ಇರುತ್ತಾನೆ.

ಭಜನೆ, ಕೀರ್ತನೆ, ನಾಮಸ್ಮರಣೆ, ಪುರಾಣ ಪ್ರವಚನ ಎಲ್ಲಾ ಒಂದೇ ಏನು?

ಬೇರೆ ಬೇರೆ, ಆದರೆ ಒಂದೇ ಬಳ್ಳಿಯವು. ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನು ತಂದೆಗೆ ಹೇಳುವ ನವವಿಧ ಭಕ್ತಿಯಲ್ಲಿ ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ ಎಂಬ ಒಂಬತ್ತು ಬಗೆಗಳು ಬರುತ್ತವೆ. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ಕುಳಿತು ಕೇಳುವ ಪುರಾಣ ಶ್ರವಣದ ಲೆಕ್ಕಕ್ಕೆ ಸೇರುತ್ತದೆ. ಗದಗಿನ ವೀರನಾರಾಯಣನ ಗುಡಿಯೊಂದಿಗೆ ಹೆಸರು ಬೆಸೆದುಕೊಂಡ ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಹಳ್ಳಿಯ ಚಾವಡಿಯಲ್ಲಿ ಒಬ್ಬರು ಓದಿ ಹತ್ತು ಮಂದಿ ಕೇಳುತ್ತಿದ್ದುದೂ ಅದೇ ಸಾಧನೆ. ಕೂಡಿ ಹಾಡುವ ಭಜನೆ ಕೀರ್ತನ. ಒಬ್ಬರೇ ಕುಳಿತು ಮಾಡುವ ಜಪ ಸ್ಮರಣ. ನಮ್ಮ ಕಡೆ ನಿಂತು ಕಥೆ ಹೇಳುತ್ತ ಹಾಡುವವರ ಕಾರ್ಯಕ್ರಮಕ್ಕೂ ಕೀರ್ತನೆ ಎಂದೇ ಹೆಸರಿರುವುದರಿಂದ ಈ ಗೊಂದಲ ಹುಟ್ಟುತ್ತದೆ.

ವಚನ, ದಾಸರ ಪದ, ತತ್ವಪದ ಎಲ್ಲಾ ಕಲಸಿ ಹಾಡ್ತೀರಲ್ಲ, ನೀವು ಯಾವ ಪಂಥದವ್ರು?

ಕಲಸಿದವರು ನಾವಲ್ಲ, ಈ ನೆಲ. ಒಂದು ದಿನದ ದಾರಿಯೊಳಗೆ ಏನೇನಿದೆ ನೋಡಿ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ (1836–1929) ಮಠವಿದೆ. ಅಲ್ಲಿಯ ಪರಂಪರೆಯಲ್ಲಿ ನಿಜಗುಣ ಶಿವಯೋಗಿಗಳ ಕೈವಲ್ಯ ಪದಗಳಿಗೆ ದೊಡ್ಡ ಸ್ಥಾನ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಶರೀಫರ ಗದ್ದುಗೆ. ಅದೇ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯ ಆದಿಕೇಶವನನ್ನು ಅಂಕಿತ ಮಾಡಿಕೊಂಡರು. ತುಂಗಭದ್ರೆಯ ದಂಡೆಯ ಚೌಡದಾನಪುರ ಅಂಬಿಗರ ಚೌಡಯ್ಯನ ಹೆಸರಿನಲ್ಲಿದೆ. ಏಕಾಂತದ ರಾಮಯ್ಯನ ಅಬಲೂರು ಹಿರೇಕೆರೂರು ತಾಲೂಕಿನದು. ಸವಣೂರಿನಲ್ಲಿ ಸತ್ಯಬೋಧ ತೀರ್ಥರ, ಹೊಸರಿತ್ತಿಯಲ್ಲಿ ಧೀರೇಂದ್ರ ತೀರ್ಥರ ವೃಂದಾವನಗಳಿವೆ. ಇವೆಲ್ಲವನ್ನೂ ನೋಡುತ್ತ ಬೆಳೆದವರು ಒಂದೇ ಜಮಖಾನೆಯ ಮೇಲೆ ಕುಳಿತಾಗ ಒಂದೇ ಬಗೆಯ ಪದ ಬರಬೇಕೆಂದರೆ ಅದು ಆಗದ ಮಾತು.

ಶರಣಧರ್ಮವು ಹಿಂದೂ ಧರ್ಮದ ಒಳಗಿನದೋ ಹೊರಗಿನದೋ ಎಂಬ ವಾದ ನಮ್ಮಲ್ಲಿ ಬರುವವರಿಗೂ ಇದೆ; ಅದನ್ನು ಭಜನೆಯ ನಡುವೆ ಬಿಚ್ಚುವುದಿಲ್ಲ. ನಾವು ಬಿಗಿಯಾಗಿ ಹಿಡಿದಿರುವ ನಿಯಮ ಒಂದೇ: ಪದದ ಅಂಕಿತವನ್ನು ಬದಲಿಸುವಂತಿಲ್ಲ. ಕೂಡಲಸಂಗಮನಿದ್ದಲ್ಲಿ ಕೂಡಲಸಂಗಮ, ಆದಿಕೇಶವನಿದ್ದಲ್ಲಿ ಆದಿಕೇಶವ. ತನಗೆ ಒಗ್ಗದ ಹೆಸರನ್ನು ನುಂಗಿ ಹಾಡುವವರು ಆ ಪದವನ್ನು ಬಿಟ್ಟು ಬೇರೊಂದನ್ನು ಎತ್ತಿಕೊಳ್ಳುವುದು ಮೇಲು.

ನಾ ಸಾಲಿ ಕಲಿತಾಕಿ ಅಲ್ಲ. ಇಷ್ಟ ಪದ ಹೆಂಗ ಬಾಯಾಗ ನಿಲ್ತಾವ?

ಕಿವಿಯಿಂದ ನಿಲ್ಲುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ: ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ (1892–1944), ಮುಂದೆ ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ, ಅವರ ಬಳಿ ಬೆಳೆದ ಎಷ್ಟೋ ಮಕ್ಕಳಿಗೂ ಕಣ್ಣಿರಲಿಲ್ಲ, ಆದರೂ ಅಲ್ಲಿಂದ ಹೊರಬಂದ ಸಂಗೀತ ಈ ನಾಡಿಗೆಲ್ಲ ಹಬ್ಬಿತು. ವಾರಕ್ಕೆ ಒಂದು ನುಡಿ ಕಲಿಯಿರಿ, ರೊಟ್ಟಿ ಬಡಿಯುವಾಗ ಅದನ್ನೇ ಗುಣುಗುಣಿಸಿ. ನಮ್ಮ ಮಂಡಳಿಯಲ್ಲಿ ಹೆಚ್ಚು ಪದ ಬರುವುದು ಪುಸ್ತಕ ಮುಟ್ಟದ ಇಬ್ಬರು ಅಜ್ಜಿಯರಿಗೆ. ಪುಸ್ತಕ ಹಿಡಿದವರು ದೀಪ ಹೋದರೆ ಸುಮ್ಮನಾಗುತ್ತಾರೆ, ಅವರು ಆಗುವುದಿಲ್ಲ.

ಮುಟ್ಟಿನ ದಿನಗಳಲ್ಲಿ ನಾಮಸ್ಮರಣೆ ಮಾಡಬಹುದೇ? ಅತ್ತೆಯವರು ಬೇಡ ಎನ್ನುತ್ತಾರೆ.

ಗುಡಿಗೆ ಹೋಗುವುದು, ದೇವರ ಮನೆಯ ಪೂಜೆ ಮುಟ್ಟುವುದು ಇವುಗಳಲ್ಲಿ ಮನೆಮನೆಗೂ ಪದ್ಧತಿ ಬೇರೆಯಾಗಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ. ಇಷ್ಟಲಿಂಗ ಧರಿಸಿದವಳಿಗೆ ಆ ದಿನಗಳಲ್ಲಿಯೂ ಪೂಜೆ ತಪ್ಪುವುದಿಲ್ಲ. ಸೂತಕ ಪಾಲಿಸುವ ವೈಷ್ಣವ ಪರಂಪರೆಯಲ್ಲಿಯೂ ನಾಮಸ್ಮರಣೆಗೆ ಕಾಲದ ಕಟ್ಟಿಲ್ಲವೆಂದು ಚೈತನ್ಯರು ತಮ್ಮ ಶಿಕ್ಷಾಷ್ಟಕದಲ್ಲಿ ಹೇಳಿದ್ದಾರೆ. ಮನಸ್ಸಿನಲ್ಲಿ ಹೇಳುವ ನಾಮವನ್ನು ಯಾವ ಅತ್ತೆಯೂ ತಡೆಯಲಾರರು. ನಮ್ಮ ಭಜನೆಯಲ್ಲಿ ಯಾರನ್ನೂ ಈ ವಿಚಾರ ಕೇಳುವುದಿಲ್ಲ, ಯಾರೂ ಹೇಳಬೇಕಾಗಿಯೂ ಇಲ್ಲ.

ಮನೆಯ ನಿತ್ಯಸಾಧನೆಯ ಬಗ್ಗೆ

ಡ್ಯೂಟಿ ಮುಗಿಸಿ ಮನೀ ಮುಟ್ಟೂದ ರಾತ್ರಿ ಒಂಬತ್ತಕ್ಕ. ದಿನಾ ಎಷ್ಟೊತ್ತು ಕೂಡಬೇಕ್ರಿ?

ಲೆಕ್ಕ ಹಾಕಿ ನೋಡೋಣ. ಓಂ ನಮಃ ಶಿವಾಯ ಎಂದು ಅವಸರವಿಲ್ಲದೆ ಒಮ್ಮೆ ಹೇಳಲು 4 ಸೆಕೆಂಡು ಹಿಡಿದರೆ 108 ಮಣಿಯ ಒಂದು ಮಾಲೆಗೆ 7 ನಿಮಿಷದ ಮೇಲೆ ಚೂರು ಆಗುತ್ತದೆ. ದಿನಕ್ಕೆ ಅಷ್ಟು ಸಿಗದವರು ಯಾರೂ ಇಲ್ಲ. ಬೆಳಗಿನ ಹೊತ್ತು ಎಲ್ಲರೂ ಹೊಗಳುವ ಹೊತ್ತು. ಆದರೆ ಎರಡನೆಯ ಪಾಳಿ ಮಾಡುವವನಿಗೆ ಬ್ರಾಹ್ಮೀ ಮುಹೂರ್ತದ ಉಪದೇಶ ಮಾಡಿದರೆ ಅವನು ನಾಲ್ಕು ದಿನ ಎದ್ದು ಐದನೆಯ ದಿನ ಜಪವನ್ನೇ ಬಿಡುತ್ತಾನೆ. ಹೊತ್ತು ಯಾವುದಾದರೂ ಇರಲಿ, ಅದೇ ಹೊತ್ತು ನಾಳೆಯೂ ಇರಲಿ. ನಮ್ಮಲ್ಲಿ ಒಬ್ಬರು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕಣ್ಣುಮುಚ್ಚಿ ಕುಳಿತು ಮಾಡುತ್ತಾರೆ. ಮಾಲೆ ಕಾಣಬಾರದೆಂದು ಬೆರಳ ಗೆಣ್ಣುಗಳನ್ನೇ ಎಣಿಸುತ್ತಾರೆ. ಮಾಲೆ ಹಿಡಿಯುವವರು ಹೆಬ್ಬೆರಳು ಮತ್ತು ನಡುಬೆರಳಿನಿಂದ ಮಣಿ ಸರಿಸಿ, ಮೇರುಮಣಿಯನ್ನು ದಾಟದೆ ಅಲ್ಲಿಂದಲೇ ಹಿಂದಿರುಗುವುದು ಪದ್ಧತಿ.

ಜಪಕ್ಕೆ ಕುಳಿತ ಕೂಡಲೇ ಹಾಳು ಯೋಚನೆಗಳೆಲ್ಲ ನೆನಪಾಗುತ್ತವೆ. ನನ್ನಲ್ಲಿ ಏನಾದರೂ ದೋಷವಿದೆಯೇ?

ಇದೇ ದೂರನ್ನು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೂ ಕೊಟ್ಟಿದ್ದಾನೆ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು. ಕೃಷ್ಣನು ಅದನ್ನು ಅಲ್ಲಗಳೆಯದೆ, ಹೌದು ಕಷ್ಟವೇ, ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಆಗುತ್ತದೆ ಎನ್ನುತ್ತಾನೆ. ಜಪದಲ್ಲಿ ಗಟ್ಟಿಯಾಗಿ ಹೇಳುವ ವಾಚಿಕ, ತುಟಿ ಮಾತ್ರ ಆಡುವ ಉಪಾಂಶು, ಒಳಗೇ ನಡೆಯುವ ಮಾನಸಿಕ ಎಂದು ಮೂರು ತರಗಳಿವೆ. ಮಾನಸಿಕವೇ ಶ್ರೇಷ್ಠವೆಂದು ಓದಿ ಮೊದಲ ದಿನವೇ ಅದಕ್ಕೆ ಹಾರುವವರಿಗೆ ಈ ತೊಂದರೆ ಹೆಚ್ಚು. ಮನಸ್ಸು ಓಡುವ ದಿನ ಬಾಯಿಬಿಟ್ಟು ಹೇಳಿ. ಕಿವಿಗೂ ನಾಲಿಗೆಗೂ ಕೆಲಸ ಸಿಕ್ಕರೆ ಯೋಚನೆಗೆ ಉಳಿಯುವ ಜಾಗ ಕಡಿಮೆ. ಅಂದಿನ ಬಾಕಿ ಸಾಲ, ಜಗಳ, ಮಗಳ ಮದುವೆ ನೆನಪಾದರೆ ಅದು ದೋಷವಲ್ಲ. ಹಗಲೆಲ್ಲ ಅವಕ್ಕೆ ಕಿವಿಗೊಡಲು ಸಮಯವಿರಲಿಲ್ಲ, ಈಗ ಸಿಕ್ಕಿದೆ.

ಮೊಬೈಲ್‌ನಲ್ಲಿ ಭಜನೆ ಹಚ್ಚಿ ಕೇಳಿದರೆ ಲೆಕ್ಕಕ್ಕೆ ಬರುತ್ತದೆಯೇ?

ಶ್ರವಣದ ಲೆಕ್ಕಕ್ಕೆ ಬರುತ್ತದೆ, ಕೇಳಿದರೆ. ಹಚ್ಚಿಟ್ಟು ಇನ್ನೊಂದು ಕೋಣೆಗೆ ಹೋದರೆ ಕೇಳಿದ್ದು ಗೋಡೆ.

ಕೂಡಿ ನಡೆಯುವುದರ ಬಗ್ಗೆ

ಮನ್ಯಾಗ ಒಬ್ಬಾಂವ ಕುಂತು ಮಾಡಿದ್ರ ಸಾಲೂದಿಲ್ಲೇನು? ನಡುವ ಮಂದಿ ಯಾಕ ಬೇಕು?

ಇದು ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ. ಒಬ್ಬರೇ ಮಾಡಿ ಮುಟ್ಟಿದವರು ಇದ್ದಾರೆ, ಅವರಿಗೆ ನಮಸ್ಕಾರ. ಉಳಿದವರಿಗೆ ಒಂಟಿ ಸಾಧನೆಯಲ್ಲಿ ಒಂದು ತೊಡಕಿದೆ: ಮನೆಯಲ್ಲಿ ಪದ ನಾವು ಆರಿಸಿದ್ದು, ಹೊತ್ತು ನಮಗೆ ಅನುಕೂಲವಾದದ್ದು, ಲಯ ನಮ್ಮ ಉಸಿರಿಗೆ ಹೊಂದಿದ್ದು. ದೇವರನ್ನೂ ನಮ್ಮ ಸೋಯಿಗೆ ತಕ್ಕಂತೆ ಕೂರಿಸಿಕೊಂಡಿರುತ್ತೇವೆ, ಅದು ನಮಗೆ ತಿಳಿಯುವುದೇ ಇಲ್ಲ. ಮಂಡಳಿಯಲ್ಲಿ ಪದ ಇನ್ನೊಬ್ಬರು ಎತ್ತುತ್ತಾರೆ. ಅದು ನಮಗೆ ಹಿಡಿಸದ ಪದವಾಗಿರಬಹುದು, ನಮ್ಮ ಗಂಟಲಿಗೆ ಎತ್ತರವಾಗಿರಬಹುದು. ಆದರೂ ಅವರು ಬಿಟ್ಟ ಸಾಲನ್ನು ಅವರು ಬಿಟ್ಟಂತೆಯೇ ನಾವು ಎತ್ತಿಕೊಳ್ಳಬೇಕು. ನನ್ನ ದನಿ ಪಕ್ಕದವರ ದನಿಗಿಂತ ಮೇಲೆ ಹೋಯಿತೆಂದು ಗೊತ್ತಾದಾಗ ಇಳಿಸಿಕೊಳ್ಳಬೇಕು. ಒಂದು ರಾತ್ರಿಗೆ ನೂರು ಸಲ ಇನ್ನೊಬ್ಬನ ಮಾತನ್ನು ಅವನ ಮಾತಾಗಿಯೇ ತಿರುಗಿ ಹೇಳುವ ಈ ಪಾಠವನ್ನು ಒಬ್ಬರೇ ಕುಳಿತು ಕಲಿಯಲು ಬರುವುದಿಲ್ಲ.

ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಕ್ತರು ಪರಸ್ಪರ ತಿಳಿಸಿಕೊಡುತ್ತ, ನನ್ನನ್ನೇ ಕುರಿತು ಮಾತನಾಡುತ್ತ ಸಂತೋಷಪಡುತ್ತಾರೆ ಎಂದು ಬರುತ್ತದೆ. 84 ಸೂತ್ರಗಳ ನಾರದ ಭಕ್ತಿಸೂತ್ರವು ಮಹಾತ್ಮರ ಸಂಗವನ್ನು ಹೊಗಳಿ, ದುಸ್ಸಂಗವನ್ನು ಬಿಟ್ಟೇಬಿಡಬೇಕೆನ್ನುತ್ತದೆ. ಕಲ್ಯಾಣದ ಶರಣರು ಅನುಭಾವವನ್ನು ಗೋಷ್ಠಿಯಾಗಿಯೇ ನಡೆಸಿದರು, ಗದಗಿನ ತೋಂಟದಾರ್ಯ ಮಠದ ವಾರದ ಶಿವಾನುಭವ ಆ ಎಳೆಯನ್ನೇ ಹಿಡಿದಿದೆ.

ನನ್ನ ಪಾಲಿಗೆ ಈ ಪಾಠ ಬಂದದ್ದು ಅವಮಾನದ ದಾರಿಯಿಂದ. ಬಹಳ ವರ್ಷಗಳ ಹಿಂದೆ, ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಒಬ್ಬರು ಬರುತ್ತಿದ್ದರು. ತಾಳ ತಪ್ಪುತ್ತಿತ್ತು, ದನಿ ದೊಡ್ಡದು. ಒಂದು ಸೋಮವಾರ ನಾನು ಪದವನ್ನು ನಡುವೆ ನಿಲ್ಲಿಸಿ ಎಲ್ಲರೆದುರಿಗೆ ಅವರನ್ನು ತಿದ್ದಿದೆ. ಮುಂದಿನ ವಾರ ಅವರು ಕಾಣಲಿಲ್ಲ, ಅದರ ಮುಂದಿನ ಎರಡು ವಾರವೂ ಕಾಣಲಿಲ್ಲ. ಕೊನೆಗೆ ಮನೆ ಹುಡುಕಿಕೊಂಡು ಹೋದಾಗ ಅವರು ನಕ್ಕು, "ನಾ ಬಂದೀನ್ರಿ, ಮೂರೂ ವಾರ ಬಂದೀನಿ. ಹೊರಗ ಕಟ್ಟಿ ಮ್ಯಾಲ ಕುಂತು ಕೇಳೀನಿ" ಎಂದರು. ಹೊರಗೆ ಕುಳಿತವರ ದನಿ ಒಳಗಿನ ಹಾಡಿನಲ್ಲಿ ಕಡಿಮೆಯಾದದ್ದು ನನಗೆ ಕೇಳಿಸಿರಲಿಲ್ಲ; ನನ್ನ ತಾಳ ಮಾತ್ರ ಸರಿಯಾಗಿತ್ತು. ಅವರು ಮತ್ತೆ ಒಳಗೆ ಬಂದರು, ತಾಳ ಈಗಲೂ ತಪ್ಪುತ್ತದೆ.

ಭಜನೆಯಲ್ಲಿ ಎಲ್ಲರೂ ಒಂದೇ ಎನ್ನುತ್ತಾರೆ, ಊಟದ ಪಂಕ್ತಿಯಲ್ಲಿ ಬೇರೆ ಕೂರಿಸುತ್ತಾರೆ. ಇದಕ್ಕೆ ಏನು ಹೇಳುತ್ತೀರಿ?

ಪಂಕ್ತಿ ಬೇರೆಯಾದಲ್ಲಿ ಭಜನೆ ಇನ್ನೂ ಶುರುವಾಗಿಲ್ಲವೆಂದೇ ನಾವು ತಿಳಿಯುತ್ತೇವೆ. ಅಂಬಿಗರ ಚೌಡಯ್ಯನ ವಚನವನ್ನೂ ಕನಕದಾಸರ ಪದವನ್ನೂ ರಾತ್ರಿಯಿಡೀ ಹಾಡಿ, ಬೆಳಿಗ್ಗೆ ಅವರ ಕುಲದವನಿಗೆ ಅಂಗಳದ ಮೂಲೆ ತೋರಿಸುವುದು ಈ ಜಿಲ್ಲೆಗಳಲ್ಲಿ ಇಲ್ಲವೇ ಇಲ್ಲ ಎಂದು ಹೇಳುವ ಧೈರ್ಯ ನಮಗಿಲ್ಲ. ದೊಡ್ಡ ಮಠಗಳ ದಾಸೋಹದಲ್ಲಿ ಈ ಭೇದ ಬಹಳಷ್ಟು ಅಳಿದಿದೆ. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಯಾರ ಮನೆಯ ರೊಟ್ಟಿ ಯಾರ ಕೈಗೆ ಹೋಯಿತೆಂದು ಕೇಳುವವರಿಲ್ಲ. ಉಳಿದಿರುವುದು ಸಣ್ಣ ಊರಿನ ಸಣ್ಣ ಪಂಕ್ತಿಗಳಲ್ಲಿ. ಕರೆಯ ಮೇಲೆ ಪರ ಊರಿಗೆ ಹಾಡಲು ಹೋಗುವಾಗ ನಾವು ಒಂದು ಮಾತನ್ನು ಮೊದಲೇ ತಿಳಿಸುತ್ತೇವೆ: ನಮ್ಮ ಮಂಡಳಿಯವರು ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಇದರಿಂದ ಕೆಲವು ಕರೆಗಳು ಬರುವುದು ನಿಂತಿದೆ.

ನಾನು ಹಿಂದೂ ಅಲ್ಲ. ಪದಗಳು ಇಷ್ಟ. ಬರಬಹುದೇ?

ಬನ್ನಿ. ಶಿಶುನಾಳ ಶರೀಫರು (1819–1889) ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಅವರ ಪದ ಹಾಡದ ಭಜನೆ ನಮ್ಮ ಕಡೆ ಇಲ್ಲ. ಹೆಸರು, ಉಡುಪು, ಪ್ರಾರ್ಥನೆಯ ರೀತಿ ಯಾವುದನ್ನೂ ಬದಲಿಸಲು ನಿಮಗೆ ಯಾರೂ ಹೇಳುವುದಿಲ್ಲ. ಹೇಳಿದರೆ ನಮಗೆ ತಿಳಿಸಿ.

ಮೈಕ್ ಹಚ್ಚಿದರೆ ಓಣಿಗೆಲ್ಲ ದೇವರ ನಾಮ ಕೇಳುತ್ತದೆ. ನೀವೇಕೆ ಹಚ್ಚುವುದಿಲ್ಲ?

ಓಣಿಯಲ್ಲಿ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ಬೆಳಿಗ್ಗೆ ಐದಕ್ಕೆ ಹಾಲು ಹಾಕಲು ಏಳುವವರಿದ್ದಾರೆ. ಕಾನೂನೂ ಇದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಹಬ್ಬ-ಉತ್ಸವಗಳಿಗೆ ಸರ್ಕಾರ ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಕಾನೂನಿಗಿಂತ ದೊಡ್ಡ ಕಾರಣ ಬೇರೆ: ಮೈಕು ಒಬ್ಬರ ಬಾಯಿಯ ಮುಂದೆ ಇರುತ್ತದೆ, ಹಿಮ್ಮೇಳದವರ ಮುಂದೆ ಇರುವುದಿಲ್ಲ. ಅದು ಬಂದ ಆರು ತಿಂಗಳಿಗೆ ಹಿಂದೆ ಕುಳಿತವರು ಹಾಡುವುದನ್ನು ಬಿಟ್ಟು ಕೇಳಲು ಶುರುಮಾಡುವುದನ್ನು ನಾವು ಎರಡು ಊರುಗಳಲ್ಲಿ ನೋಡಿದ್ದೇವೆ.

ಮಂಡಳಿಗೆ ರೊಕ್ಕ ಎಲ್ಲಿಂದ ಬರ್ತದ? ಪಟ್ಟಿ ಎತ್ತತೀರೇನು?

ವಾರದ ಭಜನೆಗೆ ಖರ್ಚೇ ಇಲ್ಲ. ಎಣ್ಣೆ, ಬತ್ತಿ, ಪುಠಾಣಿ ಸರದಿಯ ಮೇಲೆ ಒಂದೊಂದು ಮನೆಯಿಂದ ಬರುತ್ತವೆ. ಶ್ರಾವಣದ ಸಪ್ತಾಹಕ್ಕೆ ಮಾತ್ರ ಪಟ್ಟಿ ಎತ್ತುತ್ತೇವೆ, ಪ್ರತಿ ರೂಪಾಯಿಗೂ ಪಾವತಿ ಹರಿಯುತ್ತೇವೆ, ಸಪ್ತಾಹ ಮುಗಿದ ಮೊದಲ ಸೋಮವಾರ ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇವೆ. ದೇಣಿಗೆ ಕೊಟ್ಟವರ ಹೆಸರನ್ನು ಓದುವುದಿಲ್ಲ. ಚುನಾವಣೆಯ ವರ್ಷದಲ್ಲಿ ಹೊಸ ಪೇಟಿ, ತಬಲಾ ಕೊಡಿಸಲು ಬರುವ ಧಣಿಗಳಿಗೆ ಹಳೆಯ ಪೇಟಿ ಚೆನ್ನಾಗಿದೆ ಎಂದು ಹೇಳುವುದನ್ನು ರೂಢಿಸಿಕೊಂಡಿದ್ದೇವೆ, ಅದರ ಎರಡು ಸ್ವರಗಳ ಮನೆಗಳು ಸದ್ದು ಮಾಡದಿದ್ದರೂ.

ಹುಡುಗರು ಬರುವುದೇ ಇಲ್ಲ. ಮುಂದೆ ಯಾರು ನಡೆಸುತ್ತಾರೆ?

ಹುಡುಗರನ್ನು ಮುಂದೆ ಕೂರಿಸುವುದಿಲ್ಲ, ತಾಳ ಕೈಗೆ ಕೊಡುವುದಿಲ್ಲ, ತಪ್ಪಿದರೆ ಕಣ್ಣು ಕೆಂಪು ಮಾಡುತ್ತೇವೆ, ಆಮೇಲೆ ಬರುವುದಿಲ್ಲ ಎನ್ನುತ್ತೇವೆ. ತಿಂಗಳಿಗೆ ಒಂದು ಸೋಮವಾರ ಪದ ಎತ್ತುವ ಹಕ್ಕನ್ನು 20 ವರ್ಷದೊಳಗಿನವರಿಗೆ ಬಿಟ್ಟುಕೊಟ್ಟ ಮೇಲೆ ನಮ್ಮಲ್ಲಿ ಐದಾರು ಮಂದಿ ಕಾಯಂ ಆದರು. ಅವರು ಪದದ ಅರ್ಥ ಕೇಳುತ್ತಾರೆ, ಅರ್ಥ ಗೊತ್ತಿಲ್ಲದೆ ಮೂವತ್ತು ವರ್ಷ ಹಾಡಿದವರಿಗೆ ಅದು ಸ್ವಲ್ಪ ಇರುಸುಮುರುಸು.

ಬಹಳ ವರ್ಷ ನಡೆದವರು ಕೇಳುವುದು

ಮೊದಲು ಹಾಡುವಾಗ ಕಣ್ಣೀರು ಬರುತ್ತಿತ್ತು. ಈಗ ಏನೂ ಆಗುವುದಿಲ್ಲ. ಭಕ್ತಿ ಬತ್ತಿತೇ?

ಹಾವೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಬರೆದ ಪತ್ರದ ಮಾತು ಇದು, ಬೇರೆ ಬೇರೆ ಪದಗಳಲ್ಲಿ ಬಹಳ ಜನ ಕೇಳಿದ್ದಾರೆ. ಕಣ್ಣೀರು ಭಕ್ತಿಯ ಒಂದು ಗುರುತು ಹೌದು, ಅಳತೆಗೋಲು ಅಲ್ಲ. ಹೊಸ ಸೊಸೆ ಮನೆ ತುಂಬಿದ ದಿನದ ಸಂಭ್ರಮ ಇಪ್ಪತ್ತನೆಯ ವರ್ಷಕ್ಕೆ ಇರುವುದಿಲ್ಲ, ಅಂದಮಾತ್ರಕ್ಕೆ ಸಂಬಂಧ ಸಡಿಲವಾಯಿತೆಂದು ಯಾರೂ ಹೇಳುವುದಿಲ್ಲ. ಇಂಥ ದಿನಗಳಲ್ಲಿ ನಾವು ಮೂರು ಮಾತು ಹೇಳುತ್ತೇವೆ. ಭಜನೆ ಬಿಡಬೇಡಿ, ಆದರೆ ಮುಂದೆ ಹಾಡುವುದನ್ನು ಬಿಟ್ಟು ಹಿಂದೆ ಕುಳಿತುಕೊಳ್ಳಿ. ಹಾಡಿನ ಬದಲು ಕೈಕೆಲಸ ಹಿಡಿಯಿರಿ: ಕಸ ಹೊಡೆಯುವುದು, ಪಾತ್ರೆ ತೊಳೆಯುವುದು, ಬರಲಾಗದ ಮುದುಕರನ್ನು ಕರೆತರುವುದು. ಮೂರನೆಯದು, ದೇವರನ್ನು ಬೈಯುವ ಪದಗಳನ್ನು ಹಾಡಿ. ದಾಸರಲ್ಲಿ ನಿಂದಾಸ್ತುತಿಗಳ ದೊಡ್ಡ ರಾಶಿಯೇ ಇದೆ, ವಚನಗಳಲ್ಲಿಯೂ ಜಗಳವಿದೆ. ಅವರಿಗೂ ಬತ್ತಿದ ದಿನಗಳಿದ್ದವು ಎಂಬುದಕ್ಕೆ ಅವೇ ಸಾಕ್ಷಿ.

ಇನ್ನೊಂದು ವಿಷಯವನ್ನು ಬಿಚ್ಚಿ ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಕಾಯಿಲೆಯಾಗಿರಬಹುದು. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗಿ ತೋರಿಸಿ, ಸೋಮವಾರ ಭಜನೆಗೂ ಬನ್ನಿ.

ನಮ್ಮ ಅಕ್ಕಾರಿಗೆ ಭಜನಿ ನಡದಾಗ ಮೈ ಬರ್ತದ. ಅದು ದೇವರ ಬರೂದ ಏನ್ರಿ?

ಮೈಮೇಲೆ ಬರುವುದಕ್ಕೆ ನಮ್ಮ ನಾಡಿನಲ್ಲಿ ಅದರದೇ ಜಾಗ, ದಿನ, ವ್ರತಗಳಿವೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಗೊರವಯ್ಯ ಉಪವಾಸ ವ್ರತ ಹಿಡಿದು, ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ; ಊರಿನವರು ಅದನ್ನು ಮಳೆ-ಬೆಳೆಯ ಮಾತಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಭಜನೆಯ ಜಾಗ ಅದಲ್ಲ. ಒಬ್ಬರು ಮೈದುಂಬಿ ತೂಗಿದರೆ ಹಾಡಿನ ಲಯವನ್ನು ಇಳಿಸುತ್ತೇವೆ, ಹತ್ತಿರದ ಹೆಂಗಸರು ಅವರನ್ನು ಹಿಡಿದು ಕೂರಿಸಿ ನೀರು ಕೊಡುತ್ತಾರೆ, ಯಾರೂ ಅವರ ಮುಂದೆ ಕೈಮುಗಿದು ಹೊಲ-ಮನೆಯ ಪ್ರಶ್ನೆ ಕೇಳುವಂತಿಲ್ಲ. ಕೇಳಲು ಶುರುವಾದರೆ ಮುಂದಿನ ವಾರ ಮೂವರಿಗೆ ಬರುತ್ತದೆ. ಆ ಅಕ್ಕನವರಿಗೆ ಮನೆಯಲ್ಲಿ ಏನಾದರೂ ಸಂಕಟವಿದೆಯೇ ಎಂದು ಮರುದಿನ ಯಾರಾದರೂ ಹಿರಿಯ ಹೆಂಗಸರು ಹೋಗಿ ಸಮಾಧಾನದಿಂದ ವಿಚಾರಿಸುವುದು ಒಳ್ಳೆಯದು.

ಸಿದ್ಧಾರೂಢರು ಅದ್ವೈತ ಹೇಳಿದವರು. ಎಲ್ಲಾ ಒಂದೇ ಆದಮೇಲೆ ಭಜನೆ ಯಾರು, ಯಾರಿಗೆ ಮಾಡುವುದು?

ಪ್ರಶ್ನೆ ಸರಿಯಾಗಿಯೇ ಇದೆ, ಹಳೆಯದೂ ಹೌದು. ಅದ್ವೈತಿಗಳು ಭಕ್ತಿಯನ್ನು ಬಿಟ್ಟವರಲ್ಲ: ವಿವೇಕಚೂಡಾಮಣಿಯಲ್ಲಿ ತನ್ನ ಸ್ವರೂಪದ ಅನುಸಂಧಾನವೇ ಭಕ್ತಿ ಎನ್ನಲಾಗಿದೆ, ಅದ್ವೈತಸಿದ್ಧಿಯಂಥ ಬಿಗಿಯಾದ ತರ್ಕಗ್ರಂಥವನ್ನು ಬರೆದ ಮಧುಸೂದನ ಸರಸ್ವತಿಗಳೇ ಭಕ್ತಿರಸಾಯನವನ್ನೂ ಬರೆದರು. ಸಿದ್ಧಾರೂಢರು ವೇದಾಂತ ಬೋಧಿಸುತ್ತಲೇ ಜನರ ಬಾಯಿಗೆ ಕೊಟ್ಟದ್ದು ಓಂ ನಮಃ ಶಿವಾಯ ಎಂಬ ನಾಮವನ್ನು. ಮಧ್ವರ ದಾರಿಯವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಭಕ್ತಿಯೆಂದರೆ ದೇವರ ಮಹಿಮೆಯನ್ನು ತಿಳಿದು, ಮಿಕ್ಕೆಲ್ಲಕ್ಕಿಂತ ಮಿಗಿಲಾಗಿ ಅವನಲ್ಲಿ ಇಡುವ ಗಟ್ಟಿಯಾದ ಸ್ನೇಹ, ಜೀವ ಎಂದೆಂದಿಗೂ ಬೇರೆಯೇ. ನಮ್ಮ ಮಂಡಳಿಯಲ್ಲಿ ಎರಡೂ ಮತದವರು ಅಕ್ಕಪಕ್ಕ ಕುಳಿತು ತಾಳ ಹಾಕುತ್ತಾರೆ. ಎಲ್ಲವೂ ಒಂದೇ ಎಂಬುದು ಅನುಭವಕ್ಕೆ ಬಂದವನು ಭಜನೆ ಬಿಟ್ಟರೆ ಅಡ್ಡಿಯಿಲ್ಲ. ಪುಸ್ತಕದಲ್ಲಿ ಓದಿ ಬಿಡುವವನು ಹಸಿವಾದಾಗ ಊಟವನ್ನೂ ಬಿಡುತ್ತಾನೆಯೇ ಎಂದು ನೋಡಬೇಕು.

ಗುರುವಿಲ್ಲದೆ ಆಗುವುದೇ? ಆದರೆ ಈಗ ಯಾರನ್ನು ನಂಬುವುದು?

ಮಂತ್ರದೀಕ್ಷೆ, ಲಿಂಗದೀಕ್ಷೆಗಳಿಗೆ ಗುರು ಬೇಕೇ ಬೇಕು. ಹಾಡಲು, ನಾಮ ಹೇಳಲು ಯಾರ ಅಪ್ಪಣೆಯೂ ಬೇಡ, ಅದನ್ನು ಇಂದೇ ಶುರುಮಾಡಿ. ಗುರುವನ್ನು ಹುಡುಕುವಾಗ ಅವಸರ ಮಾಡಬೇಡಿ. ಅವರನ್ನು ಪೀಠದ ಮೇಲೆ ನೋಡಿದಷ್ಟೇ ಅಡುಗೆಮನೆಯಲ್ಲಿ, ಸೇವಕರೊಡನೆ, ಸಿಟ್ಟಿನಲ್ಲಿ ನೋಡಿ. ಗುಟ್ಟಾಗಿ ಬಾ ಎನ್ನುವವರು, ಮನೆಯವರಿಗೆ ಹೇಳಬೇಡ ಎನ್ನುವವರು, ಹೊಲದ ಉತಾರದ ಬಗ್ಗೆ ವಿಚಾರಿಸುವವರು ಇವರಿಂದ ದೂರವಿರಿ. ಯಾವ ಪ್ರಶ್ನೆಯನ್ನೂ ಕೇಳಬಾರದೆಂಬ ಶರಣಾಗತಿ ನಮ್ಮ ಶರಣರಲ್ಲಿಯೂ ಇರಲಿಲ್ಲ, ದಾಸರಲ್ಲಿಯೂ ಇರಲಿಲ್ಲ.

ಇಪ್ಪತ್ತು ವರ್ಷ ಭಜನಿ ಮಾಡೀನಿ. ಮುಂದ ಹೋಗೀನೋ ಇಲ್ಲೋ ಹೆಂಗ ತಿಳೀಬೇಕು?

ಶರಣರು ಹೇಳುವ ಷಟ್‌ಸ್ಥಲದಲ್ಲಿ, ಎಂದರೆ ಸಾಧನೆಯ ಆರು ಮೆಟ್ಟಿಲುಗಳಲ್ಲಿ, ಇದಕ್ಕೆ ಒಂದು ದಾರಿಯ ನಕ್ಷೆ ಇದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಬಗೆಯ ಭಕ್ತಿಗಳನ್ನು ಹೇಳಿದ್ದಾರೆ. ಗಮನಿಸಬೇಕಾದದ್ದು ಆನಂದ ಐದನೆಯದಾಗಿ ಬರುತ್ತದೆ ಎಂಬುದು. ಅದಕ್ಕಿಂತ ಮೊದಲು ನಿಷ್ಠೆ ಬರಬೇಕು, ಅವಧಾನ ಬರಬೇಕು. ಅವಧಾನವೆಂದರೆ ಎಚ್ಚರ: ಕೈಗೆ ಬಂದದ್ದನ್ನೆಲ್ಲ ಪ್ರಸಾದವೆಂದು ನೋಡಿ ತೆಗೆದುಕೊಳ್ಳುವ ಎಚ್ಚರ. ನಮ್ಮಲ್ಲಿ ಹೆಚ್ಚಿನವರು ಎರಡನೆಯ ಮೆಟ್ಟಿಲಲ್ಲಿ ಕಾಲಿಟ್ಟು ಐದನೆಯದರ ಬಗ್ಗೆ ದೂರು ಹೇಳುತ್ತೇವೆ.

ಸ್ವಂತ ಪ್ರಗತಿಯನ್ನು ತಾನೇ ಅಳೆಯುವುದು ಕಷ್ಟ. ಮನೆಯಲ್ಲಿ ಹೆಂಡತಿಯನ್ನೋ ಮಗನನ್ನೋ ಕೇಳಿ: ಸೋಮವಾರ ರಾತ್ರಿ ಮನೆಗೆ ಬಂದಾಗ ನಾನು ಹೇಗಿರುತ್ತೇನೆ, ಮಂಗಳವಾರ ಮಧ್ಯಾಹ್ನ ಹೇಗಿರುತ್ತೇನೆ? ಒಬ್ಬರ ಹೆಂಡತಿ ಕೊಟ್ಟ ಉತ್ತರ ನಮ್ಮ ಮಂಡಳಿಯಲ್ಲಿ ಇಂದಿಗೂ ಓಡಾಡುತ್ತದೆ: "ಭಜನಿಯಿಂದ ಬಂದ ದಿವಸ ಸಾರಿಗೆ ಉಪ್ಪು ಕಡಿಮಿ ಆದ್ರೂ ಸುಮ್ಮನ ಉಣ್ತಾರ್ರಿ. ಮರುದಿವಸ ಇಲ್ಲ." ಆ ಸುಮ್ಮನಿರುವಿಕೆ ಎರಡು ದಿನಕ್ಕೆ ಬೆಳೆದರೆ ಮುಂದೆ ಹೋಗಿದ್ದೀರಿ.

ಸತ್ತವರ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡಲು ಕರೆದಿದ್ದಾರೆ. ಮೊದಲ ಸಲ ಹೋಗುತ್ತಿದ್ದೇನೆ. ಏನು ಹಾಡಬೇಕು?

ನಮ್ಮ ಕಡೆ ಬಹಳ ಸಮಾಜಗಳಲ್ಲಿ ಶವದ ಮುಂದೆ ಬೆಳಗಿನವರೆಗೆ ಭಜನೆ ನಡೆಯುತ್ತದೆ, ಅಂತಿಮಯಾತ್ರೆಯ ಮುಂದೆಯೂ ಹಾಡುತ್ತ ಹೋಗುತ್ತಾರೆ. ಇದು ಮಂಡಳಿಯ ಎಲ್ಲ ಕೆಲಸಗಳಿಗಿಂತ ಕಠಿಣವಾದದ್ದು. ಇದಕ್ಕೆ ಕಾಣಿಕೆ ತೆಗೆದುಕೊಳ್ಳಬಾರದು, ಚಹಾ ಕೊಟ್ಟರೆ ಕುಡಿಯಬಹುದು. ಮೊದಲ ಹೊತ್ತಿನಲ್ಲಿ ದೂರದ ನೆಂಟರು ಬರುತ್ತಿರುತ್ತಾರೆ, ಅಳು ಏಳುತ್ತಿರುತ್ತದೆ. ಆಗ ನಾಮವನ್ನಷ್ಟೇ, ತಾಳವನ್ನು ಮೆಲ್ಲಗೆ ಹಾಕಿ ಹೇಳಬೇಕು. ಅಳುವವರ ದನಿಯನ್ನು ಮುಚ್ಚುವಂತೆ ಹಾಡಬಾರದು. ದೇಹ ಅನಿತ್ಯವೆನ್ನುವ ತತ್ವಪದಗಳನ್ನು ಎಲ್ಲರೂ ಆ ಹೊತ್ತಿಗೇ ಎತ್ತುತ್ತಾರೆ. ಅದು ನಮಗೆ ಸರಿಯೆನಿಸುವುದಿಲ್ಲ. ಚಿಕ್ಕ ವಯಸ್ಸಿನವರು ಹೋಗಿದ್ದರೆ ಅಂಥ ಪದ ತಾಯಿಯ ಕಿವಿಗೆ ಕಾದ ಎಣ್ಣೆ. ಅವನ್ನು ನಡುರಾತ್ರಿಯ ನಂತರಕ್ಕೆ, ಅದೂ ವಯಸ್ಸಾಗಿ ಹೋದವರ ಮನೆಗೆ ಇಟ್ಟುಕೊಳ್ಳಿ. ಎರಡು ಗಂಟೆಯ ಸುಮಾರಿಗೆ ನಿಮಗೂ ನಿದ್ದೆ ಬರುತ್ತದೆ. ಇಬ್ಬಿಬ್ಬರಂತೆ ಸರದಿ ಮಾಡಿಕೊಂಡು, ನಾಮ ನಿಲ್ಲದಂತೆ ನೋಡಿಕೊಳ್ಳಿ. ಹೋದವರಿಗೆ ಇಷ್ಟವಾಗಿದ್ದ ಪದ ಯಾವುದೆಂದು ಮನೆಯವರನ್ನು ಕೇಳಿ, ಅದನ್ನು ನಸುಕಿನ ಹೊತ್ತಿಗೆ ಎತ್ತಿ. ಎಷ್ಟೋ ಮನೆಗಳಲ್ಲಿ ಆಗ ಮೂಲೆಯಲ್ಲಿ ಕುಳಿತ ಮಗನೋ ಸೊಸೆಯೋ ಒಡೆದ ದನಿಯಲ್ಲಿ ಪಲ್ಲವಿಯನ್ನು ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಪದ ಅವರದು. ಅವರು ಎಷ್ಟು ನಿಧಾನ ಹೇಳಿದರೆ ಅಷ್ಟೇ ನಿಧಾನವಾಗಿ, ಅವರು ತಪ್ಪಿದಲ್ಲಿ ತಪ್ಪಿಯೇ, ಮಂಡಳಿಯವರು ಹಿಂದಿನಿಂದ ಹೇಳುತ್ತ ಹೋಗಬೇಕು.